ಬೆಳ್ಳಿ ಪ್ಲೇಯರು, ಟೋಪಿ ಪ್ಲೇಯರು

ನಮ್ಮ ಮನೆಗೆ ಕಂಪ್ಯೂಟರ್ ಬಂದಾಗ ಅದನ್ನು ದೇವರ ಗೂಡಿನ ಕೆಳಗೆ ಇಡಬೇಕಾಯಿತು. ಭಕ್ತಿಯಿಂದೇನಲ್ಲ, ಮೂರು ಪಿನ್ನಿನ ಸಾಕೆಟ್ಟು ಇಡೀ ಮನೆಗೆ ಅಲ್ಲೊಂದೇ ಇದ್ದದ್ದು. ಭದ್ರಾವತಿಯ ಒಂದು ಫೋರ್ಜಿಂಗ್ ಕಾರ್ಖಾನೆಯ ಲೈನ್ ಮನೆ ನಮ್ಮದು. ಮುಂದೊಂದು ಕೋಣೆ, ಹಿಂದೊಂದು ಅಡುಗೆಮನೆ, ನಡುವೆ ಕದವಿಲ್ಲದ ಬಾಗಿಲು, ಅದಕ್ಕೆ ಅಮ್ಮನ ಹಳೇ ಸೀರೆಯ ಪರದೆ. ಬೆಳಿಗ್ಗೆ ಅಮ್ಮ ದೇವರಿಗೆ ಹೂ ಏರಿಸಿದರೆ ಎರಡು ಎಸಳು ಮಾನಿಟರಿನ ಮೇಲೂ ಬೀಳುತ್ತಿದ್ದವು. ಊದುಬತ್ತಿಯ ಬೂದಿ ಕೀಬೋರ್ಡಿನ ಸಂದಿಗೆ ಇಳಿದು ಕೂರುತ್ತಿತ್ತು. ಆಯುಧಪೂಜೆ ಬಂತೆಂದರೆ ಅದಕ್ಕೂ ಸೇವಂತಿಗೆ ಹಾರ, ಅದಕ್ಕೂ ಅರಿಶಿನ ಕುಂಕುಮ.

"ಅಮ್ಮಾ, ಡಿಸ್ಕ್ ಹಾಕೋ ಬಾಯಿಗೆ ಕುಂಕುಮ ಮೆತ್ತಬೇಡ!"

"ಮೊದಲು ನಿನ್ನ ಬಾಯಿಗೆ ಮೆತ್ತಬೇಕಿತ್ತು ಕಣೆ. ಹಬ್ಬದ ದಿನವೂ ಕಿರುಚ್ತೀಯಲ್ಲ!"

ಕಿರುಚುವುದು ನಮ್ಮ ಲೈನಿನ ಗುಣ. ಕಾದ ಕಬ್ಬಿಣ ಬಡಿಯುವ ಹ್ಯಾಮರ್ ಸೆಕ್ಷನ್ನಿನ ಗಂಡಸರು, ನಮ್ಮಪ್ಪನೂ ಸೇರಿ, ಶಿಫ್ಟ್ ಮುಗಿಸಿ ಬಂದ ಮೇಲೂ ಒಳಗಿದ್ದ ಹಾಗೇ ಕೂಗಿ ಮಾತಾಡುತ್ತಿದ್ದರು, ಅವರಿಗೆ ಉತ್ತರ ಕೊಡಬೇಕಾದ ಹೆಂಗಸರೂ ಕೂಗುತ್ತಿದ್ದರು, ಆ ಹೆಂಗಸರ ಹೊಟ್ಟೆಯಲ್ಲಿ ಹುಟ್ಟಿದ ನಾವು ಕೂಗುತ್ತಲೇ ಹುಟ್ಟಿದವರು. "ಉಪ್ಪು ಕೊಡಿ" ಅನ್ನೋದು ಜಗಳದ ಹಾಗೆ ಕೇಳುತ್ತಿತ್ತು. ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿದ್ದ ಅತ್ತೆಯ ಮನೆಗೆ ಹೋದರೆ ಅತ್ತೆ ಮೊದಲು ಕಿಟಕಿ ಮುಚ್ಚುತ್ತಿದ್ದಳು, ಆಮೇಲೆ ಕಾಫಿ ಕೊಡುತ್ತಿದ್ದಳು. ಈಗಲೂ ನನ್ನ ಗಂಡ, "ನಿಂಗೆ ಫೋನ್ ಯಾಕೆ ಮಾರಾಯ್ತಿ, ನವುಲೆಯ ನಮ್ಮನೇಲಿ ನಿಂತು ಮಾತಾಡಿದ್ರೆ ಗಾಜನೂರಿಗೆ ಕೇಳ್ಸುತ್ತೆ" ಅನ್ನುತ್ತಾನೆ. ಅನ್ನಲಿ. ಆ ಕಾರ್ಖಾನೆಯ ಒಳಗಿನ ಸದ್ದನ್ನು ಮಾತ್ರ ನಾವ್ಯಾರೂ ಕೇಳಿದವರಲ್ಲ. ಆಯುಧಪೂಜೆಗೆ ಮನೆಯವರನ್ನೆಲ್ಲ ಒಳಗೆ ಬಿಡುತ್ತಿದ್ದರು, ಆದರೆ ಅವತ್ತು ಹ್ಯಾಮರು ನಿಂತಿರುತ್ತಿತ್ತು. ಬಾಳೆಕಂಬ ಕಟ್ಟಿಸಿಕೊಂಡು, ಕುಂಬಳಕಾಯಿ ಒಡೆಸಿಕೊಂಡು ತೆಪ್ಪಗೆ ನಿಂತ ಆ ಯಂತ್ರದ ಮುಂದೆ ನಿಂತು ನಾವು ಮಂಡಕ್ಕಿ ತಿಂದು ಬರುತ್ತಿದ್ದೆವು.

ಕಂಪ್ಯೂಟರ್ ತಂದದ್ದು ನನ್ನ ಓದಿಗೆ ಅಂತ ಊರಿಗೆಲ್ಲ ಹೇಳಿದ್ದು. ನಿಜವಾಗಿ ತಂದದ್ದು ಅಪ್ಪನ ಸಿನಿಮಾ ಹುಚ್ಚಿಗೆ. ಟಿವಿಯಲ್ಲಿ ಅವರು ಹಾಕಿದ್ದನ್ನು ನಾವು ನೋಡಬೇಕು, ಇದರಲ್ಲಿ ನಮಗೆ ಬೇಕಾದ್ದನ್ನು ಹಾಕಿಕೊಳ್ಳಬಹುದು ಎಂಬುದು ಅಪ್ಪನ ಲೆಕ್ಕ. ಶನಿವಾರ ಸಂಜೆ ಮಾರ್ಕೆಟ್ ರಸ್ತೆಯ ಸೀಡಿ ಅಂಗಡಿಯಿಂದ ಬಾಡಿಗೆಗೆ ಒಂದು ಡಿಸ್ಕ್ ಬರುತ್ತಿತ್ತು. ನನ್ನ ಮಗನಿಗೆ ಮೊನ್ನೆ ಹಳೇ ಡಿಸ್ಕೊಂದನ್ನು ತೋರಿಸಿದರೆ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಿದ. ಆ ಕಾಲದಲ್ಲಿ ಡಿಸ್ಕ್ ಒಳಗೆ ತಳ್ಳಿದ ಮಾತ್ರಕ್ಕೆ ಸಿನಿಮಾ ಬರುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಮೊದಲಿಂದ ಇದ್ದ ಪ್ಲೇಯರು, ಅಂದರೆ ಸಿನಿಮಾ ಓಡಿಸುವ ಪ್ರೋಗ್ರಾಮು, ಇಂಗ್ಲಿಷಿನಲ್ಲಿ ಏನೋ ದೂರು ಹೇಳಿ ಕಪ್ಪಗೆ ಕೂತುಬಿಡುತ್ತಿತ್ತು. ಎಂಟನೇ ಕ್ಲಾಸಿನಲ್ಲಿದ್ದ ನಾನು, ಡಿಸ್ಕ್ ಡ್ರೈವಿನ ಡಬ್ಬಿಯ ಜೊತೆ ಬಂದಿದ್ದ ಇನ್ನೊಂದು ಸೀಡಿಯನ್ನು ಹುಡುಕಿ ತೆಗೆದು, ಅದರಲ್ಲಿದ್ದ ಪ್ಲೇಯರನ್ನು ನಾನೇ ಕಂಪ್ಯೂಟರಿಗೆ ತುಂಬಿಸಿದೆ. ಬೆಳ್ಳಿ ಬಣ್ಣದ್ದು, ದೊಡ್ಡ ರಿಮೋಟಿನ ಹಾಗೆ ದುಂಡು ದುಂಡು ಗುಂಡಿಗಳು. ಚಿತ್ರ ಎಂಥ ಚೆನ್ನಾಗಿ ಬಂತು ಅಂತೀರಿ! ಹೀರೋಯಿನ್ ಮೂಗುತಿ ಮಿಂಚಿದ್ದು ಕಂಡಿತು. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, "ನಮ್ಮನೆ ಟಾಕೀಸಿಗೆ ಆಪರೇಟ್ರು ಇವಳೇ" ಎಂದು ಲೈನಿಗೆಲ್ಲ ಕೇಳುವಂತೆ ಹೇಳಿದ. ಶಾಲೆಯಲ್ಲಿ ಒಂದೂ ಬಹುಮಾನ ಕಂಡವಳಲ್ಲ ನಾನು. ಆ ಆಪರೇಟ್ರು ಅನ್ನೋ ಹೆಸರನ್ನು ಹೊದ್ದುಕೊಂಡು ಮಲಗುತ್ತಿದ್ದೆ.

ಭಾನುವಾರ ಮಧ್ಯಾಹ್ನ ಕಡುಬು, ಕೋಳಿಸಾರು. ಊಟವಾದ ಮೇಲೆ ಟಾಕೀಸು. ಅಪ್ಪ ಕಬ್ಬಿಣದ ಮಡಚುವ ಕುರ್ಚಿಯಲ್ಲಿ, ಮುಂದಕ್ಕೆ ಬಾಗಿ, ಮೊಣಕಾಲ ಮೇಲೆ ಮೊಣಕೈ ಊರಿ ಕೂರುತ್ತಿದ್ದ. ಅವನ ಎಡಕ್ಕೆ ಸ್ಟೂಲಿನ ಮೇಲೆ ನಾನು. ಹಿಂದೆ ಚಾಪೆಯಲ್ಲಿ ಅಮ್ಮ, ಹೊಸ್ತಿಲಲ್ಲಿ ಪಕ್ಕದ ಮನೆ ಸೆಲ್ವಿ ಅಕ್ಕ. ಸೆಲ್ವಿ ಅಕ್ಕನ ಮನೆಮಾತು ತಮಿಳು, ಅಳು ಮಾತ್ರ ಎಲ್ಲ ಭಾಷೆಯ ಸಿನಿಮಾಕ್ಕೂ ಬರುತ್ತಿತ್ತು. ಸಿನಿಮಾ ನಡೆಯುವಾಗ ಬಾಯಿ ಬಿಟ್ಟರೆ ಅಮ್ಮ ಹಿಂದಿನಿಂದ ಕುಟ್ಟುತ್ತಿದ್ದಳು. ಹಾಗಾಗಿ ನಾನು ಅಪ್ಪನ ಕಿವಿಗೆ ಬಾಯಿ ಹಚ್ಚಿ ಪಿಸುಗುಟ್ಟುತ್ತಿದ್ದೆ. ಅವನೇ ಕೊಲೆ ಮಾಡಿದ್ದು ನೋಡ್ತಿರು, ಅವಳ ಸೀರೆ ಆಗ ಬೇರೆ ಇತ್ತು, ನಮ್ಮ ಮೇಷ್ಟ್ರೂ ಹೀಗೇ ಮೀಸೆ ತಿರುವ್ತಾರೆ. ಹುಟ್ಟಿನಿಂದ ಕೂಗಿಕೊಂಡೇ ಬೆಳೆದವಳು ಪಿಸುಮಾತು ಕಲಿತದ್ದು ಆ ಸ್ಟೂಲಿನ ಮೇಲೆ. ಏನು ಹೇಳಿದರೂ ಅಪ್ಪ ತಲೆಯಾಡಿಸಿ, "ಹೌದಾ ಪುಟ್ಟೀ" ಅನ್ನುತ್ತಿದ್ದ. ನನಗೆ ಅಷ್ಟು ಸಾಕಿತ್ತು.

ಆ ಸುಖಕ್ಕೆ ರೇವತಿ ವಕ್ಕರಿಸಿದಳು. ಹೊಸಮನೆ ಅತ್ತೆಯ ಮಗಳು. ಭದ್ರಾವತಿಯ ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಡಿಪ್ಲೊಮಾಕ್ಕೆ ಸೇರಿದ್ದಳು. "ದಿನಾ ಬಸ್ಸಿಗೆ ನೇತಾಡಿಕೊಂಡು ಯಾಕೆ ಬರಬೇಕು, ಮಾವ ಏನು ಸತ್ತಿದ್ದಾನಾ?" ಎಂದು ಅಪ್ಪನೇ ಹೋಗಿ ಕರೆದುಕೊಂಡು ಬಂದ. ಬಿಳೀ ಹುಡುಗಿ, ಸಣ್ಣ ದನಿ, ಕಾಲುಗೆಜ್ಜೆ ಕೂಡ ಕೇಳಿಸದ ಹಾಗೆ ನಡೆಯುವವಳು. "ಅತ್ತಿಗೆ ಅಂತ ಕರಿ" ಎಂದಳು ಅಮ್ಮ. ನಾನು ರೇವತಿ ಎಂದೇ ಕರೆದೆ. ಬಂದ ಮೊದಲ ಭಾನುವಾರ ಕೋಳಿಯ ಕಾಲಿನ ತುಂಡು ನನ್ನ ತಟ್ಟೆ ದಾಟಿ ಅವಳ ತಟ್ಟೆಗೆ ಹೋಯಿತು.

"ಅದು ನಂದು!"

"ಓದೋ ಹುಡುಗಿ ಕಣೆ ಅವಳು."

"ನಾನೇನು ಎಮ್ಮೆ ಕಾಯ್ತೀನಾ?"

"ಎಮ್ಮೆ ಕಾದಿದ್ರೆ ಸೆಗಣಿಯಾದ್ರೂ ಸಿಕ್ತಿತ್ತು" ಎಂದಳು ಅಮ್ಮ. ರೇವತಿ ಆ ತುಂಡನ್ನು ಎತ್ತಿ ನನ್ನ ತಟ್ಟೆಗೆ ಹಾಕಿದಳು. ಅದು ಇನ್ನೂ ಉರಿಸಿತು. ಕೊಟ್ಟದ್ದನ್ನು ತಿನ್ನುವುದಕ್ಕೆ ನಾನೇನು ಅವಳ ಮನೆಗೆ ನೆಂಟಳಾಗಿ ಹೋದವಳೇ?

ಸಿನಿಮಾಕ್ಕೆ ಅವಳು ಅಪ್ಪನ ಬಲಕ್ಕೆ ಕೂತಳು. ಅವಳು ಪಿಸುಗುಟ್ಟುವವಳಲ್ಲ. ಅಪ್ಪನ ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತನ್ನು ಬಿಡಿಸಿ, ನಿಧಾನಕ್ಕೆ ಹೇಳುತ್ತಿದ್ದಳು. ಅಪ್ಪ ಅವಳ ಮುಖವನ್ನೇ ನೋಡುತ್ತ ಕೇಳುತ್ತಿದ್ದ, ಆಮೇಲೆ ಉತ್ತರ ಕೊಡುತ್ತಿದ್ದ, ಎರಡು ಮಾತಿನ ಉತ್ತರವಲ್ಲ. ತಾನು ಹುಡುಗನಾಗಿದ್ದಾಗ ಟೆಂಟಿನಲ್ಲಿ ನೆಲಕ್ಕೆ ಕೂತು ನೋಡಿದ ಸಿನಿಮಾ, ಮಧ್ಯದಲ್ಲಿ ರೀಲು ತುಂಡಾದದ್ದು, ಜನ ಶಿಳ್ಳೆ ಹೊಡೆದದ್ದು, ಒಂದು ದೊಡ್ಡ ಪುರಾಣ. ಆ ಕತೆಗಳನ್ನು ನನಗೆ ಅವನು ಹೇಳಿರಲೇ ಇಲ್ಲ. ಅವಳಿಗೆ ಪುರಾಣ, ನನಗೆ "ಹೌದಾ ಪುಟ್ಟೀ". ನಾನು ಎಡಗಡೆ ಕೂತು ಉಗುರು ಕಚ್ಚಿದೆ. ಅಮ್ಮನೂ ಗಮನಿಸಿದ್ದಳು. "ನಾನು ಒಳಗಿಂದ ಬಾಯಿ ಬಡ್ಕೊಂಡ್ರೂ ಈ ಮನುಷ್ಯ ಓ ಅನ್ನಲ್ಲ, ಕಲ್ಲಿಗೆ ಹೇಳಿದ ಹಾಗೆ. ಸೋದರಸೊಸೆ ಹತ್ರ ನೋಡು ಎಂಥಾ ಮಾತು!" ಎಂದು ಸೆಲ್ವಿ ಅಕ್ಕನಿಗೆ ಹೇಳಿದಳು. "ಎಲ್ಲಾ ಗಂಡಸ್ರೂ ಹಂಗೇ, ಹೆಂಡ್ತಿ ಮಾತು ಕಿವಿಗೆ ಹೋಗಲ್ಲ" ಎಂದು ಸೆಲ್ವಿ ಅಕ್ಕ ತೀರ್ಪು ಕೊಟ್ಟಳು.

ಸ್ವಲ್ಪ ದಿನ ಕಳೆದ ಮೇಲೆ ರೇವತಿ ಕಾಲೇಜಿನ ಲ್ಯಾಬಿನಿಂದ ಒಂದು ಪೆನ್ ಡ್ರೈವಿನಲ್ಲಿ ಬೇರೆ ಪ್ಲೇಯರ್ ತಂದಳು. ರಸ್ತೆ ರಿಪೇರಿ ಮಾಡುವಾಗ ಇಡುತ್ತಾರಲ್ಲ, ಕಿತ್ತಳೆ ಬಣ್ಣದ ಚೂಪು ಟೋಪಿ, ಅದರ ಗುರುತು. ತೆರೆದರೆ ಏನು ಅಂದ ಏನು ಚಂದ! ಬೂದು ಬಣ್ಣದ ಬೋಳು ಕಿಟಕಿ, ನಾಕು ಬಡಪಾಯಿ ಗುಂಡಿ. ನಾನು ಅದಕ್ಕೆ ಟೋಪಿ ಪ್ಲೇಯರ್ ಎಂದು ಹೆಸರಿಟ್ಟೆ.

"ಇದು ಯಾವ ಡಿಸ್ಕ್ ಹಾಕಿದ್ರೂ ಓಡುತ್ತೆ ಮಾವ. ಇದೇ ಇಟ್ಕೊಳ್ಳೋಣ."

"ನಮ್ಮನೇಲಿ ಪ್ಲೇಯರ್ ಇದೆ" ಎಂದೆ ನಾನು. "ಬೇಕಾದ್ರೆ ಎರಡನ್ನೂ ಹಾಕಿ ನೋಡಣ. ಯಾವುದು ಚೆನ್ನಾಗಿದೆ ಅಂತ ಎಲ್ಲರೂ ಹೇಳಲಿ."

ಆ ಭಾನುವಾರದ ಪಂದ್ಯಕ್ಕೆ ನಾನು ಡಿಸ್ಕನ್ನು ಅಪ್ಪನ ಹೊಸ ಪಂಚೆಯ ತುದಿಯಿಂದ ಒರೆಸಿ ಒರೆಸಿ ಇಟ್ಟಿದ್ದೆ. ಒಂದೇ ಸಿನಿಮಾ, ಒಂದು ಹಾಡು, ಒಂದು ಮಾತಿನ ದೃಶ್ಯ. ಮೊದಲು ನನ್ನ ಬೆಳ್ಳಿ ಪ್ಲೇಯರ್. ಹಾಡಿನಲ್ಲಿ ಜಲಪಾತದ ಹನಿ ಹನಿಯೂ ಕಂಡಿತು, ಅಮ್ಮ "ಆಹಾ" ಅಂದಳು. ಆಮೇಲೆ ಟೋಪಿ. ಚಿತ್ರ ಮಂಕು. ರೇವತಿಯೇ ಒಪ್ಪಿಕೊಂಡಳು, "ಪಿಕ್ಚರ್ ನಿಂದೇ ಚೆನ್ನಾಗಿದೆ ಮಾರಾಯ್ತಿ" ಅಂದಳು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಅವಳು ಸದ್ದಿನ ಗೆರೆಯನ್ನು ಹಿಡಿದು ಎಳೆದಳು. ನನ್ನ ಪ್ಲೇಯರಿನಲ್ಲಿ ಸದ್ದು ನೂರಕ್ಕೆ ನಿಲ್ಲುತ್ತಿತ್ತು. ಅವಳದು ನೂರು ದಾಟಿ ಮೇಲೆ ಹೋಯಿತು, ಇನ್ನೂ ಮೇಲೆ ಹೋಯಿತು. ನಮ್ಮ ಅಂಗೈಯಗಲದ ಸ್ಪೀಕರು ಗೊರಗೊರ ಎಂದು ಒಡೆದ ದನಿಯಲ್ಲಿ ಕಿರುಚತೊಡಗಿತು. ಹೀರೋ ಪ್ರೀತಿಯ ಮಾತಾಡುತ್ತಿದ್ದಾನೋ ನೆಗಡಿಯಿಂದ ಸಾಯುತ್ತಿದ್ದಾನೋ ತಿಳಿಯದ ಹಾಗೆ. ಸೆಲ್ವಿ ಅಕ್ಕ ಎರಡು ಕಿವಿಗೂ ಬೆರಳಿಟ್ಟುಕೊಂಡು "ಅಯ್ಯಯ್ಯೋ ಆರಿಸಮ್ಮಾ!" ಎಂದಳು. ಅಮ್ಮ ನನ್ನ ಕಡೆ ತೋರಿಸಿ "ನಂಗೆ ಶೈಲುದೇ ಸರಿ" ಎಂದಳು. ಸೆಲ್ವಿ ಅಕ್ಕನೂ ಅದನ್ನೇ ಅಂದಳು. ನಾನು ಅಪ್ಪನ ಕಡೆ ನೋಡಿದೆ.

ಅಪ್ಪ ಕುರ್ಚಿಗೆ ಬೆನ್ನು ಕೊಟ್ಟು ಕೂತಿದ್ದ. ಯಾವತ್ತೂ ಮುಂದಕ್ಕೆ ಬಾಗಿ ಕೂರುವವನು, ಅವತ್ತು ಕಾಲು ಚಾಚಿ, ಕೈಯನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡು, ಮದುವೆಮನೆಯ ಬೀಗರ ಹಾಗೆ ಆರಾಮಾಗಿದ್ದ.

"ಇದೇ ಇರಲಿ" ಎಂದ.

"ಅಪ್ಪಾ, ದನಿ ಒಡೀತಿದೆಯಲ್ಲ!"

"ಇರಲಿ ಪುಟ್ಟೀ. ರೇವತೀ, ಇದನ್ನೇ ಹಾಕಮ್ಮ ಇನ್ಮೇಲೆ."

ರೇವತೀ, ಹಾಕಮ್ಮ. ಎಲ್ಲರೂ ನನ್ನ ಕಡೆ ಕೈಯೆತ್ತಿದ ಮೇಲೂ ನನ್ನಪ್ಪ ಒಬ್ಬನೇ ಅವಳ ಕಡೆ ನಿಂತ. ಒಡೆದ ಮಡಕೆಯಂಥ ಸದ್ದನ್ನಾದರೂ ಕೇಳುತ್ತೇನೆ, ಮಗಳ ಪ್ಲೇಯರ್ ಬೇಡ ಅಂದ. ಮುಂದಿನ ಭಾನುವಾರಗಳಲ್ಲಿ ನಾನು ಸಿನಿಮಾಕ್ಕೆ ಕೂರಲಿಲ್ಲ. ಅಡುಗೆಮನೆಯಲ್ಲಿ ತುರಿಯುವ ಮಣೆಯ ಮೇಲೆ ಕೂತು, ರಾತ್ರಿಯ ಸಾರಿಗೆ ಬೇಕಾದದ್ದರ ಎರಡರಷ್ಟು ಕಾಯಿ ತುರಿದೆ. ಪರದೆಯ ಆಚೆಯಿಂದ ಟೋಪಿಯ ಗೊರಗೊರ, ಅಪ್ಪನ ನಗು, ಅವಳ ಸಣ್ಣ ದನಿ. ಅವಳ ಉದ್ದ ಜಡೆ, ಅವಳ ಇಸ್ತ್ರಿ ಹಾಕಿದ ಚೂಡಿದಾರ್, ಅವಳು ಮಾವಾ ಎನ್ನುವಾಗ ಎಳೆಯುವ ರಾಗ, ಒಂದೊಂದನ್ನೂ ತುರಿಮಣೆಗೆ ಕೊಟ್ಟು ತುರಿದೆ. ಅಪ್ಪ ಪ್ರತಿ ಸಲ ಕೂಗುತ್ತಿದ್ದ: "ಪುಟ್ಟೀ, ಬಾರೇ, ಎಡಗಡೆ ಸ್ಟೂಲು ಖಾಲಿ ಇದೆ." ಆ ಸ್ಟೂಲಿಗೆ ಸೆಲ್ವಿ ಅಕ್ಕ ಕೂರಲು ಬಂದರೆ ಬಿಡುತ್ತಿರಲಿಲ್ಲವಂತೆ. ಅದು ಗೊತ್ತಾದ ಮೇಲೆ, ಬಿಗುಮಾನ ಬಿಡದೆಯೇ, ಹೋಗಿ ಕೂತೆ.

ದೀಪಾವಳಿಗೆ ರೇವತಿ ಹೊಸಮನೆಗೆ ಹೋದಳು. ಬಸ್ಸು ಹತ್ತಿಸಿ ಬಂದವಳೇ ನಾನು ಕೈಕಾಲು ತೊಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತೆ. ಹಬ್ಬದ ಮರುದಿನದ ಸಿನಿಮಾ ನನ್ನ ಬೆಳ್ಳಿ ಪ್ಲೇಯರಿನಲ್ಲಿ ಓಡಿತು. ಅಪ್ಪ "ಆಪರೇಟ್ರು ವಾಪಸ್ ಬಂದ್ರಾ?" ಎಂದು ನಕ್ಕ, ಮತ್ತೆ ಮೊದಲಿನ ಹಾಗೆ ಮುಂದಕ್ಕೆ ಬಾಗಿ ಕೂತ. ನನಗೆ ಸ್ವರ್ಗ. ಅಮ್ಮ ಹೋಳಿಗೆ ತಂದುಕೊಟ್ಟಳು. ಸಿನಿಮಾದಲ್ಲಿ ಹೀರೋ ಫೋನ್ ಎತ್ತಿಕೊಂಡು ನಮಗೆ ಬೆನ್ನು ಹಾಕಿ ಮಾತಾಡುತ್ತಿದ್ದ. ಊರಿನಿಂದ ಸುದ್ದಿ: ಅವನ ತಾಯಿ ತೀರಿಕೊಂಡಿದ್ದಾಳೆ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಫೋನಿನ ವೈರು ಎಲ್ಲಿಗೂ ಸಿಕ್ಕಿಸದೆ ಮೇಜಿನಿಂದ ಜೋತಾಡುತ್ತಿತ್ತು. ನನಗೆ ಪಕ್ಕನೆ ನಗು ಬಂತು. ಅಪ್ಪ ಓರೆಗಣ್ಣಿನಲ್ಲಿ ನನ್ನ ಮುಖ ನೋಡಿದ, ನೋಡಿ ತಾನೂ ಹೋ ಎಂದು ನಕ್ಕ.

"ಒಳ್ಳೇ ಮಾತು ಹೇಳ್ದ ನೋಡು ಅವನು!"

ಹೊಸ್ತಿಲಲ್ಲಿ ಸೆಲ್ವಿ ಅಕ್ಕ ಮೂಗು ಒರೆಸಿಕೊಳ್ಳುತ್ತ, "ಥೂ, ಅಲ್ಲಿ ತಾಯಿ ಸತ್ತವ್ಳೆ, ಅಪ್ಪ ಮಗಳಿಗೆ ನಗು" ಎಂದು ಬೈದಳು. ಅಪ್ಪ ಅದಕ್ಕೂ ತಿರುಗಲಿಲ್ಲ. ನಾನು ಅವನ ಕಿವಿಯನ್ನು ನೋಡಿದೆ. ಅಂಚಿನಲ್ಲಿ ಬಿಳೀ ರೋಮವಿದ್ದ, ಯಾವಾಗಲೂ ನೋಡುವ ಎಡಗಿವಿ. ಬಾಯಿ ಹಚ್ಚಿ, ಎಂದಿನ ದನಿಯಲ್ಲೇ ಹೇಳಿದೆ.

"ಅಪ್ಪಾ, ಅಡುಗೆಮನೆಗೆ ಬೆಂಕಿ ಬಿದ್ದಿದೆ."

"ಹೌದಾ ಪುಟ್ಟೀ" ಎಂದ ಅಪ್ಪ, ಖುಷಿಯಾಗಿ.

ತಿನ್ನುತ್ತಿದ್ದ ಹೋಳಿಗೆಯನ್ನು ತಟ್ಟೆಗೆ ಇಟ್ಟೆ. ಅಷ್ಟು ಭಾನುವಾರ ನಾನು ಹೇಳಿದ ಕೊಲೆಗಾರರು, ಸೀರೆಗಳು, ಮೇಷ್ಟ್ರ ಮೀಸೆ, ಒಂದೂ ಅವನೊಳಗೆ ಇಳಿದಿರಲಿಲ್ಲ. ಕಿವಿಗೆ ಬೀಳದ ಮಾತಿಗೆಲ್ಲ ತಲೆಯಾಡಿಸಿದ್ದಾನೆ. ಎಂಥ ಅಪ್ಪನಪ್ಪಾ ಎಂದು ಅಳು ಬಂತು. ಅಳು ಪೂರ್ತಿ ಬರುವ ಮೊದಲೇ ಇನ್ನೊಂದು ಹೊಳೆದು ಮೈಯೆಲ್ಲ ಉರಿಯಿತು. ನೂರು ದಾಟುವ ಸದ್ದು. ಬಲಗಡೆಯ ಜಾಗ. ಮುಖಕ್ಕೆ ಮುಖ ಕೊಟ್ಟು ಬಿಡಿಸಿ ಆಡುವ ಮಾತು. ಅವಳಿಗೆ ಗೊತ್ತಿತ್ತು! ಹುಟ್ಟಿದಾಗಿನಿಂದ ಪಕ್ಕದಲ್ಲೇ ಇದ್ದ ನನಗೆ ಗೊತ್ತಿಲ್ಲದ್ದು, ನಿನ್ನೆ ಮೊನ್ನೆ ಟ್ರಂಕು ಹೊತ್ತುಕೊಂಡು ಬಂದವಳಿಗೆ ಗೊತ್ತಿತ್ತು. ನನ್ನ ಅಪ್ಪನ ಕಿವಿ ಅದು, ಅವಳಪ್ಪನದಲ್ಲ.

ರೇವತಿ ವಾಪಸು ಬಂದ ದಿನ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವಳನ್ನು ಹಿಡಿದೆ. ಕೈಯಲ್ಲಿ ಸೋಪು ಹಿಡಿದುಕೊಂಡೇ ನಿಂತಳು.

"ಅಪ್ಪಂಗೆ ಕಿವಿ ಕೇಳ್ಸಲ್ಲ ಅಂತ ನಿಂಗೆ ಯಾವಾಗ ಗೊತ್ತಾಯ್ತು?"

ಅವಳು ಸುತ್ತ ನೋಡಿದಳು. "ಮೆಲ್ಲಗೆ ಮಾತಾಡೇ. ಬಂದ ವಾರವೇ. ಎಡಗಡೆ ನಿಂತು ಮಾವಾ ನೀರು ಬೇಕಾ ಅಂದೆ, ಸುಮ್ನೆ ಇದ್ರು. ಬಲಗಡೆ ಬಂದು ಕೇಳಿದ್ರೆ ನನ್ನ ತುಟಿ ನೋಡಿ ಬೇಕು ಅಂದ್ರು. ಇನ್ನೊಂದಿನ ಹಿಂದೆ ಲೋಟ ಬೀಳಿಸಿದೆ, ತಿರುಗ್ಲಿಲ್ಲ. ನೀವೆಲ್ಲ ಕೂಗಿ ಮಾತಾಡ್ತೀರಲ್ಲ, ಅದಕ್ಕೇ ನಿಮಗೆ ಗೊತ್ತಾಗಿಲ್ಲ. ಬಲಗಿವಿ ಸ್ವಲ್ಪ ಕೇಳ್ಸುತ್ತೆ. ಎಡಗಡೇದು ಹೋಗೇಬಿಟ್ಟಿದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಮಾವ ಹೇಳ್ಬೇಡ ಅಂದ್ರು."

"ಯಾರಿಗೂ ಹೇಳ್ಬೇಡ ಅಂದ್ರಾ?"

ರೇವತಿ ಸೋಪನ್ನು ಕಲ್ಲಿನ ಮೇಲಿಟ್ಟಳು. "ನಿಮ್ಮತ್ತೆಗೆ ಬೇಕಾದ್ರೆ ಹೇಳು, ಲೈನಿಗೆಲ್ಲ ಬೇಕಾದ್ರೆ ಸಾರು, ಶೈಲುಗೆ ಮಾತ್ರ ಹೇಳ್ಬೇಡ ಅಂದ್ರು. ಗೊತ್ತಾದ್ರೆ ಅವಳು ಕಿವಿ ಹತ್ರ ಬಂದು ಪಿಸಪಿಸ ಅನ್ನೋದು ನಿಲ್ಲಿಸಿಬಿಡ್ತಾಳೆ ಅಂದ್ರು."

"ಕೇಳ್ಸೋದೇ ಇಲ್ವಲ್ಲ! ನಿಲ್ಲಿಸಿದ್ರೆ ಏನಂತೆ?"

"ನಾನೂ ಅದನ್ನೇ ಕೇಳಿದೆ. ಕೇಳ್ಸಲ್ಲ, ಆದ್ರೆ ಬಿಸಿ ಉಸಿರು ತಾಗುತ್ತೆ ಅಂದ್ರು."

ಅವಳು ಬಗ್ಗಿ ಮತ್ತೆ ಬಟ್ಟೆ ಉಜ್ಜತೊಡಗಿದಳು. ನಾನು ಇನ್ನೊಂದು ಬಕೆಟ್ ನೀರು ತಂದು ಅವಳ ಪಕ್ಕ ಇಟ್ಟು ಒಳಗೆ ಹೋದೆ. ಅದು ಸ್ನೇಹ ಅಂತೇನಲ್ಲ. ಆ ಮಾತನ್ನು ಅಪ್ಪ ನನಗೇ ಹೇಳಬಹುದಿತ್ತು, ನನ್ನ ಬಗ್ಗೆಯ ಮಾತು ಅವಳ ಬಾಯಿಂದ ಕೇಳಬೇಕಾಯಿತಲ್ಲ ಎಂದು ಈಗಲೂ ಉರಿಯುತ್ತದೆ. ಈಗ ಅಪ್ಪನ ಎರಡೂ ಕಿವಿಗೆ ಮೆಷಿನ್ ಇದೆ, ಸಿನಿಮಾ ಮೊಬೈಲಿನಲ್ಲಿ ತಾನಾಗೇ ಬರುತ್ತದೆ, ಯಾವ ಪ್ಲೇಯರೂ ಬೇಡ. ಹಬ್ಬಕ್ಕೆ ನವುಲೆಯ ನಮ್ಮ ಮನೆಗೆ ಬಂದ ರೇವತಿ ಚಪ್ಪಲಿ ಬಿಟ್ಟವಳೇ ನೆಟ್ಟಗೆ ಹೋಗಿ ಅಪ್ಪನ ಬಲಕ್ಕೆ ಕೂರುತ್ತಾಳೆ, ಅಭ್ಯಾಸ. ನಾನು ಒಳಗೆ ಕಾಯಿ ತುರಿಯುತ್ತಿರುತ್ತೇನೆ.

ದೀಪಾವಳಿ ಮುಗಿಸಿ ಅವಳು ವಾಪಸು ಬಂದ ಆ ಭಾನುವಾರ ಊಟವಾದ ಮೇಲೆ ಅಪ್ಪ ಕುರ್ಚಿ ಬಿಡಿಸಿಕೊಂಡು ಕೂತ. ರೇವತಿ ಬಲಕ್ಕೆ ಕೂತಳು, ಮೌಸನ್ನು ಮುಟ್ಟದೆ ನನ್ನ ಕಡೆ ನೋಡಿದಳು. ನಾನು ಡಿಸ್ಕ್ ಹಾಕಿ, ಬೆಳ್ಳಿ ಪ್ಲೇಯರನ್ನು ದಾಟಿ, ಟೋಪಿಯ ಮೇಲೆ ಒತ್ತಿದೆ. ಸದ್ದಿನ ಗೆರೆಯನ್ನು ಹಿಡಿದು ನೂರು ದಾಟಿಸಿದೆ, ಸ್ಪೀಕರು ಗೊರಗುಟ್ಟುವವರೆಗೆ ಎಳೆದೆ. ಹಿಂದೆ ಅಮ್ಮ, "ಇವಳಿಗೂ ಹಿಡೀತಾ ಹುಚ್ಚು?" ಎಂದು ಬೈದಳು. ಅಪ್ಪ ಕುರ್ಚಿಗೆ ಬೆನ್ನು ಕೊಟ್ಟು ಕಾಲು ಚಾಚಿದ. ನಾನು ಎಡಗಡೆಯ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಅವನ ಕಿವಿಗೆ ತುಟಿ ತಾಗುವ ಹಾಗೆ ಬಾಗಿದೆ.

"ಅಪ್ಪಾ, ನಂಗೆ ರೇವತಿ ಕಂಡ್ರೆ ಹೊಟ್ಟೆಕಿಚ್ಚು."

ಅಪ್ಪ ಪರದೆಯಿಂದ ಕಣ್ಣು ತೆಗೆಯದೆ, ತಲೆಯನ್ನು ಸ್ವಲ್ಪ ನನ್ನ ಕಡೆ ವಾಲಿಸಿದ.

"ಹೌದಾ ಪುಟ್ಟೀ" ಎಂದ.